ಉಳುಕಿದ ಕಾಲಿಗೆ ಸ್ಪ್ರೇ ಸಾಕೆ?

ಮಳೆ ನಿಂತರೆ ಸಾಕು, ನಮ್ಮ ಕರಾವಳಿಯಲ್ಲಿ ಹೊನಲು ಬೆಳಕಿನ ಪಂದ್ಯಾಟಗಳದ್ದೇ ಸಾಲು. ಈ ಶನಿವಾರ ಅಂಡರ್ ಆರ್ಮ್ ಕ್ರಿಕೆಟ್, ಮುಂದಿನ ವಾರ ವಾಲಿಬಾಲ್. ಆಡಲಿ, ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುವುದಕ್ಕಿಂತ ಎಷ್ಟೋ ವಾಸಿ. ಆದರೆ ಬ್ಲಾಕ್ ಮಾಡಲು ಹಾರಿದ ಹುಡುಗ ಎದುರಾಳಿಯ ಪಾದದ ಮೇಲೆ ಇಳಿದು ಕಾಲು ಹೊರಳಿಸಿಕೊಂಡಾಗ ನಾವು ಮಾಡುವುದೇನು? ಸ್ಪ್ರೇ ಹೊಡೆಯುತ್ತೇವೆ. 'ಎಂತ ಆಗುದಿಲ್ಲ ಮಾರಾಯ, ಏಳು, ಇನ್ನು ನಾಲ್ಕೇ ಪಾಯಿಂಟ್' ಅನ್ನುತ್ತೇವೆ. ಅವನೂ ಏಳುತ್ತಾನೆ. ಕುಂಟಿಕೊಂಡು ಆಡುವವನಿಗೆ ಶಿಳ್ಳೆಯೂ ಹೆಚ್ಚು. ಸ್ಪ್ರೇ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ ಅಷ್ಟೆ, ಪೆಟ್ಟು ಅಲ್ಲೇ ಇರುತ್ತದೆ.

ಬೆಳಗ್ಗೆ ಪಾದದ ಗಂಟು ಊದಿಕೊಂಡಿರುತ್ತದೆ. ಉಮ್ಮ ಪಾಪ, ಬಿಸಿನೀರು ಕಾಯಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಮೊದಲ ಎರಡು ಮೂರು ದಿನ ಈ ಶಾಖ, ತಿಕ್ಕುವುದು ಎರಡೂ ಬೇಡ, ಊತ ಇನ್ನೂ ಹೆಚ್ಚಬಹುದು. ಬಟ್ಟೆಯಲ್ಲಿ ಸುತ್ತಿದ ಐಸನ್ನು 15ರಿಂದ 20 ನಿಮಿಷ ಇಡಿ, ದಿನಕ್ಕೆ ಮೂರು ನಾಲ್ಕು ಸಲ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿ ಇಡಿ. ನಾಲ್ಕು ಹೆಜ್ಜೆ ಊರಲಿಕ್ಕೆ ಆಗದಿದ್ದರೆ, ಗಂಟಿನ ಮೂಳೆ ಒತ್ತಿದಾಗ ಜೀವ ಹೋದ ಹಾಗಾದರೆ, ಎಕ್ಸ್-ರೇ ತೆಗೆಸಲೇಬೇಕು.

ನಿಜವಾದ ಮೋಸ ಇರುವುದು ಆಮೇಲೆ. ನೋವು ಎಷ್ಟೋ ಸಲ ವಾರದಲ್ಲೇ ಇಳಿಯುತ್ತದೆ, ಆದರೆ ಹರಿದ ಲಿಗಮೆಂಟ್ ಗಟ್ಟಿಯಾಗಲು ಹಲವು ವಾರ ಬೇಕು. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚು. ಹೀಗೇ ನಾಲ್ಕೈದು ಸಲವಾದರೆ ಮೆಟ್ಟಿಲು ಇಳಿಯುವಾಗಲೂ ಕಾಲು ಕೈಕೊಡುತ್ತದೆ. ನಾಳೆ ಗಲ್ಫ್‌ಗೆ ಹೋಗಿ ಅಂಗಡಿಯಲ್ಲಿ ದಿನವಿಡೀ ನಿಲ್ಲಬೇಕಾದ ಕಾಲು ಅದು.

ನೀರಜ್ ಚೋಪ್ರಾ 2022ರ ಜುಲೈಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ಬೆಳ್ಳಿ ಗೆದ್ದಾಗ ತೊಡೆಸಂದಿನಲ್ಲಿ ಸೆಳೆತ ಶುರುವಾಗಿತ್ತು. ಕೆಲವೇ ದಿನಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಕೂಟ. 2018ರಲ್ಲಿ ಅಲ್ಲಿ ಚಿನ್ನ ಗೆದ್ದಿದ್ದವರು ಅವರೇ. ಆದರೂ ಹೋಗಲಿಲ್ಲ, ವಿಶ್ರಾಂತಿ ತೆಗೆದುಕೊಂಡರು. ಆಗಸ್ಟ್ 26ಕ್ಕೆ ಲಾಸಾನ್‌ನ ಡೈಮಂಡ್ ಲೀಗ್‌ನಲ್ಲಿ 89.08 ಮೀಟರ್ ಎಸೆದು ಗೆದ್ದರು. ದೇಶದ ಪದಕವನ್ನೇ ಬಿಟ್ಟು ಕೂರಲು ಅವರಿಗೆ ಆಯಿತು. ನಮ್ಮ ಹುಡುಗರಿಗೆ ಬಡಾವಣೆಯ ಒಂದು ಟ್ರೋಫಿ ಬಿಡಲು ಆಗುವುದಿಲ್ಲವೇ?

ಹುಡುಗರಿಗೆ ಒಂದು ಸುಲಭದ ಪರೀಕ್ಷೆ ಹೇಳುತ್ತೇವೆ. ಪೆಟ್ಟಾದ ಕಾಲೊಂದರಲ್ಲೇ ಅರ್ಧ ನಿಮಿಷ ಅಲುಗಾಡದೆ ನಿಲ್ಲಿ, ಅದೇ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿ. ಒಳ್ಳೆಯ ಕಾಲಿನಷ್ಟೇ ಸಲೀಸಾಗಿ ಆಗದಿದ್ದರೆ ಮೈದಾನದ ಹೊರಗೆ ಕೂತು ಶಿಳ್ಳೆ ಹೊಡೆಯಿರಿ, ಅದಕ್ಕೂ ಜನ ಬೇಕಲ್ಲ.

ಸಂಘಟಕರಲ್ಲೂ ನಮ್ಮದೊಂದು ಮಾತು. ಆಳೆತ್ತರದ ಟ್ರೋಫಿ, ಲೈಟು, ಮೈಕು ಎಲ್ಲದಕ್ಕೂ ದುಡ್ಡು ಹೊಂದಿಸುತ್ತೀರಿ. ಕುಂಟುವವನನ್ನು ಹೊರಗೆ ಕರೆಯುವ ಅಧಿಕಾರವನ್ನು ಅಂಪೈರ್‌ಗೆ ಕೊಡಿ. ತಂಪು ಪಾನೀಯಕ್ಕೆಂದು ಐಸ್ ಬಾಕ್ಸ್ ಹೇಗೂ ತರುತ್ತೀರಲ್ಲ, ಅದರಲ್ಲಿ ಒಂದಿಷ್ಟು ಐಸ್ ಕಾಲಿಗೂ ಉಳಿಸಿಡಿ.