ಹುಕ್ಕಾ ಹೋದರೂ ಉಳಿದ ಬಿದರಿ ವಿದ್ಯೆ

ಬಳಕೆಯ ವಸ್ತುವೂ ಕಲಾಕೃತಿಯಾಗಬಲ್ಲದೆಂಬುದಕ್ಕೆ ನಮ್ಮ ನಾಡಿನ ಶ್ರೇಷ್ಠ ನಿದರ್ಶನ ಬಿದರಿ ಹುಕ್ಕಾದ ಬುಡ. ಸತುವಿಗೆ ಅಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪಾಗಿಸುವ ಕುಸುರಿಯಿದು. ಇದರ 17ನೇ ಶತಮಾನದ ಮಾದರಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಹುಕ್ಕಾದ ಆಶ್ರಯದಾತರು ಮರೆಯಾದರು. ಕೈಚಳಕ ಮಾತ್ರ ಹೂದಾನಿ, ಪೆಟ್ಟಿಗೆ, ತಟ್ಟೆಗಳಿಗೆ ವರ್ಗವಾಯಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ತೆರಿಗೆಯ ಲೆಕ್ಕವೂ ಈ ದಾರಿಯನ್ನೇ ಸಮರ್ಥಿಸುತ್ತದೆ. 2025ರ ಸೆಪ್ಟೆಂಬರ್ ಪರಿಷ್ಕರಣೆಯಲ್ಲಿ ಬಿದರಿ ವಸ್ತುಗಳ ಜಿಎಸ್‌ಟಿ ಶೇ. 5ಕ್ಕೆ ಇಳಿದರೆ, ಧೂಮಪಾನದ ಪೈಪುಗಳದು ಶೇ. 40ಕ್ಕೆ ಏರಿತು. ರಾಜ್ಯದಲ್ಲಿ ಹುಕ್ಕಾ ಬಾರ್‌ಗಳು 2024ರಲ್ಲೇ ನಿಷೇಧಗೊಂಡಿವೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕುಂಬಾರರು, ಬಡಗಿಗಳು, ಕಮ್ಮಾರರು ಇದನ್ನು ಗಮನಿಸಬೇಕು. ಬೇಡಿಕೆ ಕುಸಿದಾಗ ಬಿಡಬೇಕಾದುದು ವಸ್ತುವನ್ನೇ ಹೊರತು ವಿದ್ಯೆಯನ್ನಲ್ಲ. ಆದರೆ ಹೊಸ ವಸ್ತುವಿನತ್ತ ಹೊರಳಲು ಬಂಡವಾಳ ಬೇಕು. ಬೆಲೆ ಕಟ್ಟುವಾಗ ಕಚ್ಚಾವಸ್ತುವಿನೊಡನೆ ದುಡಿದ ದಿನಗಳ ಕೂಲಿಯನ್ನೂ ಸೇರಿಸಬೇಕು. ಈ ಲೆಕ್ಕ ಬರೆದಿಡುವವರು ವಿರಳ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯು ಶೇ. 5ರ ಬಡ್ಡಿಯಲ್ಲಿ, ಎರಡು ಕಂತುಗಳಲ್ಲಿ, ಒಟ್ಟು 3 ಲಕ್ಷ ರೂ. ವರೆಗೆ ಸಾಲ ಒದಗಿಸುತ್ತದೆ.

ನಮ್ಮ ಸಂಸ್ಥೆಯು ಪ್ರತಿ ತಾಲ್ಲೂಕಿನಲ್ಲೂ ಒಂದು ದಿನದ ವೆಚ್ಚ ಲೆಕ್ಕಾಚಾರ ಶಿಬಿರ ನಡೆಸಲಿ. ಸದಸ್ಯ ವರ್ತಕರು ಇಂದಿನ ಮನೆಗಳಿಗೆ ಬೇಕಾದ ವಸ್ತುಗಳ ಮಾದರಿ ನೀಡಿ, ಮುಂಗಡ ಬೇಡಿಕೆ ಸಲ್ಲಿಸಲಿ. ಕುಶಲಕರ್ಮಿಗೆ ಸನ್ಮಾನಕ್ಕಿಂತ ಮೊದಲು ಬೇಕಾದುದು ಗ್ರಾಹಕ.