ಹೊಲದಾಗ ಕಲ್ಲು ನೆಡೋ ಮುಂಚೆ ಒಂದು ಮಾತು

ತುಂಬಾ ದಿನ ಆಯ್ತು ಇಲ್ಲಿ ಬರೆದು. ಕೆಲಸ, ರಿಲೀಸು, ಮನೆ ಶಿಫ್ಟು... ನೆಪಗಳಿಗೇನು ಬರ ಇಲ್ಲ ಬಿಡಿ. ಆದರೆ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೆ ಕೊರೀತಾ ಇದೆ. ಬರೆದು ಹಗುರ ಆಗ್ತೀನಿ.

ನಮ್ಮೂರು ಹೂವಿನ ಹಿಪ್ಪರಗಿ. ವಿಜಯಪುರ ಜಿಲ್ಲೆ, ಬಸವನ ಬಾಗೇವಾಡಿ ತಾಲೂಕು. (ದೇವರ ಹಿಪ್ಪರಗಿ ಬೇರೆ. ಬೆಂಗಳೂರಲ್ಲಿ ಇದನ್ನು ಹೇಳಿ ಹೇಳಿ ಸಾಕಾಗಿದೆ!) ಎಳ್ಳ ಅಮಾವಾಸ್ಯೆ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಊಟ ಮಾಡಿ ಬರೋದು ಪದ್ಧತಿ. ಈ ಸಲವೂ ಹೋದ್ವಿ. ನಮ್ಮ ಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು. ಬದುವಿನ ಆಚೆ ಪಕ್ಕದವರ ಹೊಲದಲ್ಲಿ ಮಾತ್ರ ಜೋಳ ಇಲ್ಲ, ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು. ದಾರಿ ಬದಿಗೆ ಒಂದು ಫ್ಲೆಕ್ಸು: "ಎನ್.ಎ. ಪ್ಲಾಟುಗಳು ಮಾರಾಟಕ್ಕಿವೆ".

ಊಟ ಮಾಡ್ತಾ ಕಾಕಾ ಮೆಲ್ಲಗೆ ವಿಷಯ ತೆಗೆದರು.

"ತಮ್ಮಾ, ನಿನ್ನ ಹೆಸರಿಲೆ ಒಂದು ಪ್ಲಾಟ್ ಹಿಡೀಬೇಕಂತ ನಿಮ್ಮಪ್ಪ ಅನ್ಲಾಕತ್ತಾನ. ಇವತ್ತಿಲ್ಲ ನಾಳೆ ಊರು ದೊಡ್ಡದಾಗ್ತದ, ರೇಟು ಎರಡು ಪಟ್ಟು ಆಗ್ತದ. ನೀ ಏನಂತಿ?"

"ಕಾಗದಾ ಏನೇನು ಅದಾವ ಕಾಕಾ?"

"ಎನ್ಎ ಆಗ್ಯದಂತಲ್ಲೋ, ಮತ್ತೇನು ಬೇಕು?"

ಈ "ಮತ್ತೇನು ಬೇಕು?" ಅನ್ನೋ ಪ್ರಶ್ನೆಗೇ ಈ ಬರಹ.

ಎನ್ಎ ಅಂದರೆ ಏನು? 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ, ಈ ಜಮೀನನ್ನು ಇನ್ನು ಮುಂದೆ ಕೃಷಿಯೇತರ ಕೆಲಸಕ್ಕೆ ಬಳಸಬಹುದು ಅನ್ನೋ ಆದೇಶ. ಅಷ್ಟೇ. ಅಲ್ಲಿ ರಸ್ತೆ ಎಷ್ಟು ಅಗಲ, ಗಟಾರ ಎಲ್ಲಿಗೆ ಹೋಗಿ ಸೇರುತ್ತೆ, ಪಾರ್ಕಿಗೆ ಎಷ್ಟು ಜಾಗ, ಇದು ಯಾವುದೂ ಅದರಲ್ಲಿ ಇರೋದಿಲ್ಲ. ಅದಕ್ಕೆ ಬೇರೆ ಒಂದು ಕಾಯ್ದೆ ಇದೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಲೇಔಟಿನ ನಕ್ಷೆ ನೋಡಿ ಒಪ್ಪಿಗೆ ಕೊಡೋದು ಈ ಯೋಜನಾ ಪ್ರಾಧಿಕಾರದವರು ಅಥವಾ ಯೋಜನೆ ಇಲಾಖೆಯವರ ಕೆಲಸ. ರಸ್ತೆ, ಪಾರ್ಕು, ಸಾರ್ವಜನಿಕ ಜಾಗ ಎಲ್ಲ ಊರಿನ ಸಂಸ್ಥೆಗೆ ಬಿಟ್ಟುಕೊಟ್ಟ ಕಾಗದ ಇನ್ನೊಂದು. ಆಮೇಲೆ ಪಂಚಾಯ್ತಿ ಖಾತೆ, ಅದು ಮೂರನೇ ಮಾತು. ನೋಟರಿ ಮಾಡಿಸಿದ ಬಾಂಡ್ ಪೇಪರ್ ಇವುಗಳಲ್ಲಿ ಯಾವುದೂ ಅಲ್ಲ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಮೂರು ಟೀಮು ತಮ್ಮ ತಮ್ಮ ಕೋಡ್ ಮಾತ್ರ ಟೆಸ್ಟ್ ಮಾಡಿ "ಪಾಸ್" ಅಂತ ಬರೆದು ಕೈ ತೊಳ್ಕೊಂಡಂಗೆ. ಮೂರನ್ನೂ ಜೋಡಿಸಿ ಒಂದು ಸಲ ಓಡಿಸಿ ನೋಡೋರು ಯಾರೂ ಇಲ್ಲ. ಕಂದಾಯದವರು ಸರ್ವೆ ನಂಬರ್ ನೋಡ್ತಾರೆ, ಯೋಜನೆಯವರು ನಕ್ಷೆ ನೋಡ್ತಾರೆ, ಪಂಚಾಯ್ತಿಯವರು ತೆರಿಗೆ ನೋಡ್ತಾರೆ. ಊರನ್ನು ನೋಡೋರು ಯಾರು?

ಆ ಪಕ್ಕದ ಹೊಲದ ತಗ್ಗಿನಲ್ಲಿ ಮಳೆಗಾಲದಲ್ಲಿ ನೀರು ಹರಿಯೋ ಒಂದು ಸಣ್ಣ ಹಳ್ಳ ಇದೆ. ಚಿಕ್ಕವನಿದ್ದಾಗ ಅದರಲ್ಲಿ ಚಪ್ಪಲಿ ಕಳ್ಕೊಂಡು ಅವ್ವನ ಕೈಲಿ ಬೈಸಿಕೊಂಡಿದ್ದೀನಿ. ಈಗ ಅದರ ಮೇಲೂ ಎರಡು ಕಲ್ಲು ನಿಂತಿವೆ, ಅಂದರೆ ಅದೂ ಪ್ಲಾಟು! ನಮ್ಮದು ಎರಿ ಭೂಮಿ. ಮಳೆಗೆ ಉಬ್ಬುತ್ತೆ, ಬ್ಯಾಸಿಗೆಗೆ ಬಿರುಕು ಬಿಡುತ್ತೆ. ಅಡಿಪಾಯ, ರಸ್ತೆ, ಗಟಾರ ಎಲ್ಲ ಲೆಕ್ಕ ಹಾಕಿ ಮಾಡದಿದ್ದರೆ ಗೋಡೆ ಸೀಳುತ್ತೆ. ಇದು ನಮ್ಮೂರಿನ ಗೌಂಡಿಗೂ ಗೊತ್ತು. ಆದರೆ ಹಳ್ಳದ ಮೇಲೆ ಕಲ್ಲು ನೆಡೋ ಮುಂಚೆ ಆ ಗೌಂಡಿಯನ್ನಾಗಲಿ, ಊರವರನ್ನಾಗಲಿ ಯಾರಾದರೂ ಕೇಳಿದ್ರಾ? ಇಲ್ಲ.

ಇನ್ನೊಂದು ಸಂಕಟ. ಮುಳವಾಡ ಏತ ನೀರಾವರಿ ಕಾಲುವೆ ನೀರು ಬರುತ್ತೆ ಬರುತ್ತೆ ಅಂತ ನಮ್ಮಜ್ಜ ಕಾಯ್ದು ಕಾಯ್ದು ಹೋಗಿಬಿಟ್ಟ. ನಮ್ಮ ಭಾಗಕ್ಕೆ ಕಾಲುವೆ ಬರೋ ಹೊತ್ತಿಗೆ ಹೊಲಕ್ಕೆ ಸುಣ್ಣದ ಕಲ್ಲು ಬರ್ತಾ ಇವೆ. ಎಂಥಾ ಲೆಕ್ಕ ಸ್ವಾಮಿ ಇದು?

"ಊರು ದೊಡ್ಡದಾಗ್ತದ" ಅಂದ್ರಲ್ಲ ಕಾಕಾ, ಅದಕ್ಕೆ ಬರೋಣ. ನಾನು ಬಾಡಿಗೆಗೆ ಇರೋದು ಬೆಂಗಳೂರಿಗೆ ಹೀಗೇ "ಸೇರಿಸಿಕೊಂಡ" ಒಂದು ಹಳ್ಳಿಯಲ್ಲಿ. 2007ರಲ್ಲಿ ಹಳೇ ಮಹಾನಗರ ಪಾಲಿಕೆ ಜೊತೆ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಕೂಡಿಸಿ ಬಿಬಿಎಂಪಿ ಮಾಡಿದರು. ಆ ಹಳ್ಳಿಗಳ ಪಂಚಾಯ್ತಿ ಹೋಯ್ತು. ಹೊಸ ಪಾಲಿಕೆಗೆ ಮೊದಲ ಚುನಾವಣೆ ಆಗಿದ್ದು 2010ರಲ್ಲಿ. ನಡುವೆ ಮೂರು ವರ್ಷ, "ನಮ್ಮ ಮೆಂಬರು" ಅಂತ ಹೇಳ್ಕೊಳ್ಳೋಕೆ ಒಬ್ಬರೂ ಇಲ್ಲ! ಲೇಔಟುಗಳು ಮಾತ್ರ ಯಾರಿಗೂ ಕಾಯಲಿಲ್ಲ.

ನೀರು ಯಾವಾಗ ಬಂತು ಗೊತ್ತಾ? ಈ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! 2007ರಲ್ಲಿ ಹುಟ್ಟಿದ ಮಗು ಪಿಯುಸಿಗೆ ಬಂತು, ನೀರಿನ ಪೈಪು ಆಮೇಲೆ ಬಂತು. ಅದೇ ವರ್ಷದ ಬೇಸಿಗೆಯಲ್ಲಿ ಬೋರು ಬತ್ತಿ, ನಾವು ಆಫೀಸ್ ಕಾಲ್ ಮ್ಯೂಟ್ ಮಾಡಿ ಟ್ಯಾಂಕರಿನವನಿಗೆ ಫೋನ್ ಹಚ್ಚಿ "ಅಣ್ಣಾ ಪ್ಲೀಸ್" ಅಂತಿದ್ವಿ. ನಕ್ಷೆ ಮೇಲೆ ಗೆರೆ ಎಳೆಯೋದಕ್ಕೆ ಒಂದು ದಿನ ಸಾಕು. ಗೆರೆ ಒಳಗೆ ನೀರು ತರೋದಕ್ಕೆ ಒಂದು ತಲೆಮಾರು ಬೇಕು.

ಆ ನಕ್ಷೆಯ ಕಥೆಯೂ ಕೇಳಿ. ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ 2015 ಮಂಜೂರಾಗಿದ್ದು 2007ರಲ್ಲಿ. ಮುಂದಿನದು, 2031ರ ಕರಡು, 2017ರಲ್ಲಿ ಹೊರಬಂತು, ಆಮೇಲೆ 2020ರಲ್ಲಿ ವಾಪಸ್ ತಗೊಂಡರು. ಅಂದ್ರೆ 2015 ದಾಟಿ ಎಷ್ಟೋ ವರ್ಷ ಆದ ಮೇಲೂ ಅದೇ ಹಳೇ ನಕ್ಷೆ ಇಟ್ಕೊಂಡೇ ಊರು ಓಡಿತು. ನಾವು ಎಕ್ಸ್‌ಪೈರಿ ಆದ ಮಾತ್ರೆ ನುಂಗಲ್ಲ, ಎಕ್ಸ್‌ಪೈರಿ ಆದ ನಕ್ಷೆ ಮೇಲೆ ಮನೆ ಕಟ್ತೀವಿ!

"ಅದು ಬೆಂಗಳೂರು ಕಣೋ, ನಮ್ಮೂರಿಗೂ ಅದಕ್ಕೂ ಏನು ಸಂಬಂಧ?" ಅಂತ ನೀವು ಕೇಳಬಹುದು. ಸಂಬಂಧ ಇದೆ. ನಮ್ಮ ಅಕ್ಕಪಕ್ಕದ ಮನಗೂಳಿ, ಕೊಲ್ಹಾರ, ನಿಡಗುಂದಿ ಎಲ್ಲ ಪಟ್ಟಣ ಪಂಚಾಯ್ತಿ ಆದ ಊರುಗಳು. ಹಳ್ಳಿಯಿಂದ ಪಟ್ಟಣಕ್ಕೆ ದಾಟ್ತಾ ಇರೋ ಊರಿಗೆ ಅಂತಲೇ ಸಂವಿಧಾನದ 243ಕ್ಯೂ ಇದೆ. ಜನಸಂಖ್ಯೆ, ಜನಸಾಂದ್ರತೆ, ಆದಾಯ, ಬೇಸಾಯ ಬಿಟ್ಟು ಬೇರೆ ಕೆಲಸ ಮಾಡೋರೆಷ್ಟು ಅಂತ ನೋಡಿ ಮಾಡಬೇಕು ಅನ್ನುತ್ತೆ. ಒಳ್ಳೇದೇ. ಪಟ್ಟಣ ಆಗಬಾರದು ಅಂತ ನಾನು ಹೇಳ್ತಾ ಇಲ್ಲ. ಆದರೆ ಪಟ್ಟಣ ಆದ ದಿನ ಕಳಕೊಳ್ಳೋದು ಏನೇನು ಅಂತ ಯಾರಾದರೂ ಹೇಳಿದ್ದಾರಾ?

ಮೊದಲನೇದು, ಗ್ರಾಮೀಣ ಉದ್ಯೋಗ ಖಾತ್ರಿ ಕೂಲಿ. ಅದು ಹಳ್ಳಿಗೆ ಮಾತ್ರ. ಬೋರ್ಡಿನಲ್ಲಿ "ಗ್ರಾಮ" ಹೋಗಿ "ಪಟ್ಟಣ" ಅಂತ ಬಂದ ದಿನ ಹೊಲದ ಕೂಲಿಯವರ ಹೊಟ್ಟೆ ಏನು ಪಟ್ಟಣ ಆಗಲ್ಲ.

ಎರಡನೇದು ಗ್ರಾಮಸಭೆ. ಯಾವ ಮುದುಕಿ ಬೇಕಾದ್ರೂ ಎದ್ದು ನಿಂತು "ಏ ಅಧ್ಯಕ್ಷರ, ಹಳ್ಳದ ಮ್ಯಾಲ ಯಾಕ ಪ್ಲಾಟ್ ಮಾಡ್ಲಾಕ ಕೊಟ್ರಿ?" ಅಂತ ಕೇಳಬಹುದಾದ ಒಂದೇ ಒಂದು ಜಾಗ ಅದು. ಪಟ್ಟಣ ಆದ್ರೆ ಗ್ರಾಮಸಭೆ ಇಲ್ಲ. ಅದರ ಬದಲು ವಾರ್ಡ್ ಸಮಿತಿ ಅಂತೀರಾ? ಸಂವಿಧಾನ ಅದನ್ನು ಕಡ್ಡಾಯ ಮಾಡಿರೋದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನ ಇರೋ ಊರಿಗೆ. ನಮ್ಮಂಥ ಸಣ್ಣೂರು ಅತ್ತ ಗ್ರಾಮಸಭೆಗೂ ಇಲ್ಲ, ಇತ್ತ ವಾರ್ಡ್ ಸಮಿತಿಗೂ ಇಲ್ಲ. ಕೇಳೋ ಹಕ್ಕು ಎಲ್ಲಿ ಬಿದ್ದು ಹೋಯ್ತು?

ಹಾಗಾದ್ರೆ ಮೇಲಿಂದ ನೋಡೋರು ಯಾರೂ ಇಲ್ವಾ? ಇದ್ದಾರೆ... ಕಾಗದದ ಮೇಲೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಪ್ರಕಾರ ಪ್ರತಿ ಜಿಲ್ಲೆಗೊಂದು ಜಿಲ್ಲಾ ಯೋಜನಾ ಸಮಿತಿ ಇರಬೇಕು. ಹಳ್ಳಿ, ಪಟ್ಟಣ ಎರಡರ ಯೋಜನೆಯನ್ನೂ ಜೋಡಿಸಿ, ನೀರು, ಜಾಗ, ರಸ್ತೆ ಎಲ್ಲ ಒಟ್ಟಿಗೆ ನೋಡೋದು ಅದರ ಕೆಲಸ. ನಾನು ಮೇಲೆ ಹೇಳಿದ "ಜೋಡಿಸಿ ಓಡಿಸಿ ನೋಡೋ" ಕೆಲಸ ಇದೇ! ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯ್ತಿ ಮತ್ತು ಪುರಸಭೆಗಳ ಚುನಾಯಿತ ಸದಸ್ಯರಿಂದಲೇ ಆರಿಸಿ ಬರಬೇಕು. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೀಲಿಲ್ಲ. ಸದಸ್ಯರೇ ಇಲ್ಲದ ಮೇಲೆ ಸಮಿತಿಗೆ ಯಾರನ್ನು ಕಳಿಸ್ತೀರಿ? ಬೆಂಗಳೂರೂ ಅಷ್ಟೇ. 2020ರಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಚುನಾವಣೆ ಮಾಡದೆ ಐದು ವರ್ಷ ದೂಡಿ, 2025ರಲ್ಲಿ ಒಂದು ಪಾಲಿಕೆಯನ್ನು ಐದು ಮಾಡಿದರು. ಊರು ಹಿಗ್ಗಿಸೋಕೂ ಕುಗ್ಗಿಸೋಕೂ ಜನರ ಕೈ ಎತ್ತಿಸೋ ಅಗತ್ಯ ಬೀಳಲಿಲ್ಲ ನೋಡಿ.

ನಮ್ಮವರಿಗೆ ಯೋಜನೆ ಮಾಡೋಕೆ ಬರಲ್ಲ ಅಂತ ಮಾತ್ರ ಹೇಳಬೇಡಿ. ಪಕ್ಕದ ಬಾಗಲಕೋಟೆಗೆ ಹೋಗಿ ನೋಡಿ. ಆಲಮಟ್ಟಿ ಹಿನ್ನೀರಿಗೆ ಊರು ಮುಳುಗುತ್ತೆ ಅಂದಾಗ 1983ರಲ್ಲಿ ಕಾಯ್ದೆ ಮಾಡಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಕಟ್ಟಿದರು, ಚಾರ್ಲ್ಸ್ ಕೊರಿಯಾ ಅಂಥಾ ದೊಡ್ಡ ವಾಸ್ತುಶಿಲ್ಪಿ ಕೈಲಿ ನವನಗರದ ನಕ್ಷೆ ಮಾಡಿಸಿದರು. ಸೆಕ್ಟರು, ರಸ್ತೆ ಎಲ್ಲ ಮೊದಲೇ ಲೆಕ್ಕ. ಮುಳುಗಿದವರ ನೋವು ಇನ್ನೂ ಆರಿಲ್ಲ, ಅದು ಬೇರೆ ಮಾತು. ಆದರೆ ಮುಳುಗೋ ಊರಿಗೆ ನಕ್ಷೆ ಮಾಡೋಕೆ ಬಂದ ಸರ್ಕಾರಕ್ಕೆ ಬೆಳೆಯೋ ಊರಿಗೆ ಮಾಡೋಕೆ ಬರಲ್ವಾ?

ಈಗ ನನಗೇ ಎದುರು ಬರೋ ಎರಡು ಪ್ರಶ್ನೆ.

ಒಂದು, "ರೈತ ತನ್ನ ಹೊಲ ಮಾರೋಕೂ ನಿಮ್ಮ ಅಪ್ಪಣೆ ಬೇಕಾ?" ಬೇಡ. ಪಕ್ಕದ ಹೊಲದವರು ಯಾಕೆ ಮಾರಿದರು ಅಂತ ನನಗೆ ಗೊತ್ತು. ಸಾಲ ಇತ್ತು, ಮಗಳ ಮದುವೆ ಇತ್ತು, ತೊಗರಿ ಕೈಕೊಟ್ಟಿತ್ತು. ತಿಂಗಳಿಗೆ ಸಂಬಳ ಎಣಿಸೋ ನಾನು ಅವರಿಗೆ ಬುದ್ಧಿ ಹೇಳಿದ್ರೆ ನನ್ನ ನಾಲಿಗೆಗೆ ಬರೆ ಹಾಕಬೇಕು. ನನ್ನ ತಕರಾರು ಮಾರಿದವರ ಮೇಲಲ್ಲ. ಎಕರೆ ಲೆಕ್ಕದಲ್ಲಿ ಕೊಂಡು, ಹಳ್ಳವನ್ನೂ ಸೇರಿಸಿ ಪ್ಲಾಟ್ ಲೆಕ್ಕದಲ್ಲಿ ಮಾರಿ, ಗಟಾರದ ಖರ್ಚು ಊರಿನ ತಲೆಗೆ ಕಟ್ಟಿ ಹೋಗೋರ ಮೇಲೆ. ಅದನ್ನು ನೋಡಿಯೂ ನೋಡದಂಗೆ ಇರೋರ ಮೇಲೆ.

ಎರಡು, "ಇನ್ನೊಂದು ಸಮಿತಿ ಅಂದ್ರೆ ಕೈ ಬಿಸಿ ಮಾಡೋಕೆ ಇನ್ನೊಂದು ಟೇಬಲ್ಲು". ಈ ಮಾತಿಗೆ ನಾನು ನಗಲ್ಲ, ಖರೇನೇ ಇದೆ. ಅದಕ್ಕೇ ನಾನು ಹೊಸ ಸಮಿತಿ ಕೇಳ್ತಾ ಇಲ್ಲ. ಇರೋದರ ಬಾಗಿಲು ತೆಗೀರಿ ಅಂತಿದ್ದೀನಿ. ಮಾಸ್ಟರ್ ಪ್ಲಾನ್ ಬಗ್ಗೆ ಜನರ ಅಭಿಪ್ರಾಯಕ್ಕೆ 60 ದಿನ ಕೊಡಬೇಕು ಅಂತ 1961ರ ಕಾಯ್ದೆಯಲ್ಲೇ ಇದೆ. ಅದೇ ಮರ್ಯಾದೆ ಒಂದೊಂದು ಲೇಔಟಿಗೂ ಕೊಡಿ. ನಕ್ಷೆಯನ್ನು ಕನ್ನಡದಲ್ಲಿ, ದೊಡ್ಡದಾಗಿ, ಪಂಚಾಯ್ತಿ ಗೋಡೆಗೆ ಅಂಟಿಸಿ. ಗ್ರಾಮಸಭೆಯಲ್ಲಿ ಓದಿ ಹೇಳಿ: ಹಳ್ಳ ಇಲ್ಲಿದೆ, ರಸ್ತೆ ಇಲ್ಲಿ, ಪಾರ್ಕು ಇಲ್ಲಿ. ಊರನ್ನು ಪಟ್ಟಣಕ್ಕೆ ಸೇರಿಸೋದಾದ್ರೆ ಅದೇ ಆದೇಶದಲ್ಲಿ ನೀರು ಯಾವ ವರ್ಷ, ಗಟಾರ ಯಾವ ವರ್ಷ ಅಂತ ಬರೀರಿ. ಅಲ್ಲಿವರೆಗೆ ಪಟ್ಟಣದ ತೆರಿಗೆ ಕೇಳಬೇಡಿ. ಚುನಾವಣೆ ಮಾಡಿ, ಜಿಲ್ಲಾ ಯೋಜನಾ ಸಮಿತಿಗೆ ಜನ ಆರಿಸಿದವರನ್ನು ಕೂರಿಸಿ. ಇಷ್ಟೇ. ಇದಕ್ಕೆ ರಾಕೆಟ್ ವಿಜ್ಞಾನಿ ಬೇಕಾ?

ಆಮೇಲೆ ಸಕ್ರಮ ಮಾಡ್ತಾರೆ ಬಿಡು ಅನ್ನೋರಿಗೆ ಒಂದು ನೆನಪು: ಅಕ್ರಮ ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದನ್ನೇ ನೆಚ್ಚಿಕೊಂಡವರು ಕಾಯ್ದದ್ದೇ ಕಾಯ್ದದ್ದು. ಅಷ್ಟಕ್ಕೂ ಕಾಗದ ಸಕ್ರಮ ಆಗಬಹುದು, ಮುಚ್ಚಿದ ಹಳ್ಳ ಸಕ್ರಮ ಆಗುತ್ತಾ? ಮಳೆನೀರಿಗೆ ಆದೇಶ ಓದೋಕೆ ಬರಲ್ಲ.

ಕೊನೆಗೆ ಕಾಕಾಗೆ ಹೇಳಿದೆ, "ಮೂರು ಕಾಗದಾ ಕೇಳ್ರಿ. ಯೋಜನೆಯವರು ಒಪ್ಪಿದ ನಕ್ಷೆ, ರಸ್ತೆ-ಪಾರ್ಕು ಬಿಟ್ಟುಕೊಟ್ಟ ಪತ್ರ, ಪ್ಲಾಟಿನ ಖಾತೆ. ಮೂರೂ ತೋರಿಸಿದ್ರ ರೊಕ್ಕ ಕಳಸ್ತೀನಿ." ಕಾಕಾ ನಕ್ಕರು. ಅಪ್ಪ ನಗಲಿಲ್ಲ. ಮಗ ಊರಲ್ಲಿ ಒಂದು ತುಂಡು ಜಾಗ ಮಾಡ್ತಾನೆ ಅಂತ ಅವರಿಗೆ ಎಷ್ಟು ಆಸೆ ಇತ್ತು ಅಂತ ನನಗೆ ಗೊತ್ತಾಗಿದ್ದು ಆಗಲೇ. ಬಸ್ ಹತ್ತೋ ತನಕ ಹೆಚ್ಚು ಮಾತಾಡಲಿಲ್ಲ.

ಮೊನ್ನೆ ಕಾಕಾ ಫೋನ್ ಮಾಡಿದ್ರು. ಕಾಗದ ಕೇಳಿದ್ದಕ್ಕೆ ಏಜೆಂಟ್ "ನಿಮ್ಮ ಹುಡುಗ ಭಾಳ ಶಾಣ್ಯಾ ಅದಾನ" ಅಂದು ಎದ್ದು ಹೋದನಂತೆ. ಕಾಗದ ಇನ್ನೂ ಬಂದಿಲ್ಲ. ಹಳ್ಳದ ಮೇಲಿನ ಎರಡು ಕಲ್ಲು ಮಾತ್ರ ಹಾಗೇ ಇವೆಯಂತೆ.

ನಿಮ್ಮೂರಲ್ಲೂ ಹೀಗೇ ಕಲ್ಲು ನಿಂತಿವೆಯಾ? ಮುಂದಿನ ಗ್ರಾಮಸಭೆಗೆ ಹೋಗಿ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ: "ನಕ್ಷೆ ಎಲ್ಲಿದೆ?" ಏನು ಉತ್ತರ ಬಂತು ಅಂತ ನನಗೂ ತಿಳಿಸಿ.