‘ಸಿ ದ್ರಾವಿಡ್ ಬಿ ಕುಂಬ್ಳೆ’: ಆಕ್ಷೇಪಗಳಿಗೆ ಉತ್ತರ

ಕರ್ನಾಟಕ ಕ್ರಿಕೆಟ್ಟಿನ ಶ್ರೇಷ್ಠ ಜೋಡಿ ಅನಿಲ್ ಕುಂಬ್ಳೆ ಮತ್ತು ರಾಹುಲ್ ದ್ರಾವಿಡ್ ಎಂದು ನಾನು ಹೇಳಿದ್ದೇ ತಡ, ಔರಾದದ ಚಹಾದಂಗಡಿಯಿಂದ ಬೀದರ್, ಭಾಲ್ಕಿಗಳವರೆಗೆ ತಕರಾರು ಎದ್ದಿತು. ಒಬ್ಬರು ಬೌಲರ್, ಇನ್ನೊಬ್ಬರು ಸ್ಲಿಪ್ಪಿನಲ್ಲಿ ನಿಲ್ಲುವವರು. ಟೆಸ್ಟ್ ಪಂದ್ಯಗಳಲ್ಲಿ ಕುಂಬ್ಳೆ ಎಸೆತಕ್ಕೆ ದ್ರಾವಿಡ್ ಹಿಡಿದ ಕ್ಯಾಚುಗಳು 55. ನನ್ನ ವಾದಕ್ಕೆ ಇಷ್ಟೇ ಬಂಡವಾಳ. ಆಕ್ಷೇಪಗಳಲ್ಲಿ ಒಂದೆರಡು ಗಟ್ಟಿ ಇವೆ, ಉಳಿದವು ಗದ್ದಲ. ಎಲ್ಲಕ್ಕೂ ಉತ್ತರ ಕೊಡುತ್ತೇನೆ, ನ್ಯಾಯ ಓದುಗರು ಹೇಳಲಿ.

ಬೌಲರ್-ಫೀಲ್ಡರ್ ಸೇರಿದರೆ ಜೋಡಿಯೇ ಆಗುವುದಿಲ್ಲ. ಜೋಡಿಯೆಂದರೆ ಇಬ್ಬರು ಬ್ಯಾಟರುಗಳು, ಇಲ್ಲವೇ ಎರಡು ತುದಿಯ ಇಬ್ಬರು ಬೌಲರುಗಳು ಎಂಬುದು ಮೊದಲ ಆಕ್ಷೇಪ. ಈ ಕಾನೂನು ಮಾಡಿದವರು ಯಾರು? ಇಬ್ಬರು ಬ್ಯಾಟರುಗಳು ಕ್ರೀಸಿನಲ್ಲಿದ್ದರೂ ಒಂದು ಎಸೆತವನ್ನು ಆಡುವವರು ಒಬ್ಬರೇ. ಒಬ್ಬ ಬೌಲರ್ ಓವರ್ ಮುಗಿಸಿದ ಮೇಲಷ್ಟೇ ಇನ್ನೊಬ್ಬರ ಸರದಿ. ಒಂದೇ ಚೆಂಡಿಗೆ ಇಬ್ಬರ ಕೈಯೂ ತಾಗುವುದು ಕ್ಯಾಚಿನಲ್ಲಿ. ಅಮೆರಿಕದ ಬೇಸ್‌ಬಾಲ್ ಮಂದಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಒಂದೇ ಚೆಂಡಿನಲ್ಲಿ ಎದುರಾಳಿಗಳಿಬ್ಬರನ್ನು ಔಟ್ ಮಾಡುವ ಕೆಲಸ ಅಲ್ಲಿ ಬಹುಪಾಲು ನಡೆಯುವುದು ಶಾರ್ಟ್‌ಸ್ಟಾಪ್ ಮತ್ತು ಸೆಕೆಂಡ್ ಬೇಸ್‌ಮನ್ ಎಂಬ ಇಬ್ಬರು ಫೀಲ್ಡರುಗಳ ಮೂಲಕ. ಡೆಟ್ರಾಯಿಟ್ ತಂಡದ ಅಲನ್ ಟ್ರ್ಯಾಮೆಲ್, ಲೂ ವಿಟೇಕರ್ 1977ರ ಸೆಪ್ಟೆಂಬರ್ 9ರಂದು ಒಟ್ಟಿಗೇ ಪದಾರ್ಪಣೆ ಮಾಡಿ 1,918 ಪಂದ್ಯಗಳನ್ನು ಜತೆಯಾಗಿ ಆಡಿದರು. ಚಿಕಾಗೋದ ಟಿಂಕರ್ ಮತ್ತು ಎವರ್ಸ್ ವರ್ಷಗಟ್ಟಲೆ ಮಾತು ಬಿಟ್ಟಿದ್ದರಂತೆ. ಆದರೂ ಅವರನ್ನು ಯಾರೂ ಬೇರೆ ಬೇರೆಯಾಗಿ ನೆನೆಯುವುದಿಲ್ಲ.

ಎರಡನೆಯದು ಹಿರಿಯರ ಆಕ್ಷೇಪ: ಪ್ರಸನ್ನ-ಚಂದ್ರಶೇಖರ್ ಇರುವಾಗ ಬೇರೆ ಹೆಸರೇಕೆ? ಇದು ಗಟ್ಟಿ ವಾದ. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್, ಪ್ರಸನ್ನ 49 ಟೆಸ್ಟ್‌ಗಳಲ್ಲಿ 189. ಹದಿನೈದು ವರ್ಷ ಬಿಡದೆ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು 1973-74ರಲ್ಲಿ ಮಣಿಸಿ, ಪ್ರಸನ್ನ ನಾಯಕತ್ವದಲ್ಲಿ ಕರ್ನಾಟಕ ಮೊದಲ ಸಲ ಆ ಟ್ರೋಫಿ ಎತ್ತಿತು. ಇದಕ್ಕೆಲ್ಲ ನನ್ನದೂ ಕೈಮುಗಿತವಿದೆ. ಆದರೆ 1971ನ್ನು ನೋಡಿ. ಭಾರತ ವೆಸ್ಟ್ ಇಂಡೀಸನ್ನೂ ಇಂಗ್ಲೆಂಡನ್ನೂ ಅವರವರ ನೆಲದಲ್ಲಿ ಮೊದಲ ಸಲ ಸೋಲಿಸಿದ ವರ್ಷ ಅದು. ವೆಸ್ಟ್ ಇಂಡೀಸಿಗೆ ಹೋದ ತಂಡದಲ್ಲಿ ಪ್ರಸನ್ನ ಇದ್ದರು, ಚಂದ್ರಶೇಖರ್ ಇರಲಿಲ್ಲ. ಓವಲ್‌ನಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು ಕೆಡವಿದಾಗ ಹನ್ನೊಂದರಲ್ಲಿ ಪ್ರಸನ್ನ ಇರಲಿಲ್ಲ. ಅವರ ಜಾಗದಲ್ಲಿ ಆಡಿದ್ದು ಮದ್ರಾಸಿನ ವೆಂಕಟರಾಘವನ್. ವರ್ಷದ ಎರಡು ಮಹಾ ಗೆಲುವುಗಳಲ್ಲೂ ಒಟ್ಟಿಗೆ ಇಲ್ಲದವರನ್ನು ಜೋಡಿ ಎನ್ನುವುದು ಹೇಗೆ? ಹೀಗೆ ಕೇಳಿದರೆ ಹಿರಿಯರು ತಕ್ಷಣ ‘ನಾಲ್ವರು ಸ್ಪಿನ್ನರುಗಳ ಬಳಗ’ ಎಂದು ಬೇಡಿಯವರನ್ನೂ ವೆಂಕಟರಾಘವನ್‌ರನ್ನೂ ಕರೆತರುತ್ತಾರೆ. ಸ್ವಾಮಿ, ಪ್ರಶ್ನೆ ಇದ್ದದ್ದು ಇಬ್ಬರ ಬಗ್ಗೆ. ಇನ್ನೊಂದು ಮಾತು: ಆ ಸ್ಪಿನ್ನರುಗಳಿಗೆ ಶಾರ್ಟ್ ಲೆಗ್ಗಿನಲ್ಲಿ ಮೈಯೊಡ್ಡಿ ನಿಂತವರು ಮುಂಬಯಿಯ ಏಕನಾಥ ಸೋಲ್ಕರ್, 27 ಟೆಸ್ಟ್‌ಗಳಲ್ಲಿ 53 ಕ್ಯಾಚ್. ಫೀಲ್ಡರಿಗೂ ಪಾಲು ಕೊಡಿ ಎಂಬ ನನ್ನ ವಾದಕ್ಕೆ ಅವರೇ ಸಾಕ್ಷಿ.

ಶ್ರೀನಾಥ್-ವೆಂಕಟೇಶ ಪ್ರಸಾದ್ ಎಂದವರೂ ಇದ್ದಾರೆ. ಟೆಸ್ಟ್‌ಗಳಲ್ಲಿ ಶ್ರೀನಾಥ್ 236 ವಿಕೆಟ್, ಪ್ರಸಾದ್ 96: ತಕ್ಕಡಿ ಸಮ ತೂಗುವುದಿಲ್ಲ. ಮುಂದಿನದಕ್ಕೆ ಹೋಗೋಣ.

ಸ್ಲಿಪ್ಪಿನಲ್ಲಿ ನಿಲ್ಲುವುದೇನು ಮಹಾ, ಎಲ್ಲ ಮಾಡುವುದು ಬೌಲರ್ ಅಲ್ಲವೇ ಎಂದು ಭಾಲ್ಕಿಯ ಮಿತ್ರರೊಬ್ಬರು ಕೇಳಿದರು. ಹರಭಜನ್ ಎಸೆತಕ್ಕೂ ದ್ರಾವಿಡ್ 51 ಕ್ಯಾಚ್ ಹಿಡಿದಿದ್ದಾರೆ, ಅಂದಮೇಲೆ ಹೆಚ್ಚುಗಾರಿಕೆ ದ್ರಾವಿಡರದು, ಜೋಡಿಯದಲ್ಲ ಎಂದೂ ಅವರೇ ಹೇಳಿದರು. ಎರಡೂ ಒಂದೇ ಬಾಯಿಯಿಂದ! ಎಲ್ಲ ಬೌಲರ್‌ನದೇ ಆದರೆ 51 ಕ್ಯಾಚಿನ ಕೀರ್ತಿ ದ್ರಾವಿಡರಿಗೇಕೆ? ಎಲ್ಲ ದ್ರಾವಿಡರದೇ ಆದರೆ ಸ್ಲಿಪ್ಪಿನಲ್ಲಿ ನಿಲ್ಲುವುದು ಹೇಗೆ ಸುಲಭ? ಇವರು ಶೇಕಡಾವಾರು ಲೆಕ್ಕವನ್ನೂ ತೆಗೆದರು: ಹರಭಜನ್ 417 ವಿಕೆಟ್‌ಗಳಲ್ಲಿ 51, ಕುಂಬ್ಳೆ 619ರಲ್ಲಿ ಬರೀ 55. ಕುಂಬ್ಳೆ ಟೆಸ್ಟ್ ಆಡತೊಡಗಿದ್ದು 1990ರಲ್ಲಿ, ದ್ರಾವಿಡ್ ಬಂದದ್ದು 1996ರ ಜೂನ್‌ನಲ್ಲಿ. ತಂಡದಲ್ಲೇ ಇಲ್ಲದ ಆರು ವರ್ಷಗಳ ಕ್ಯಾಚನ್ನು ದ್ರಾವಿಡರ ಖಾತೆಯಿಂದ ಕಳೆಯುವುದು ಯಾವ ಗಣಿತ? ಅದೂ ಅಲ್ಲದೆ ಕುಂಬ್ಳೆ ಚೆಂಡು ಹೆಚ್ಚು ತಿರುಗದೆ, ವೇಗವಾಗಿ, ಪುಟಿದು ಬರುವಂಥದ್ದು. ಎಲ್‌ಬಿಡಬ್ಲ್ಯು, ಬೌಲ್ಡ್ ಅವರ ದೊಡ್ಡ ಗಳಿಕೆ. ಅಂಥವರ ಎಸೆತಕ್ಕೆ ಸ್ಲಿಪ್ಪಿನಲ್ಲಿ ನಿಂತವರಿಗೆ ಯೋಚಿಸಲು ಸಮಯವೇ ಇರುವುದಿಲ್ಲ.

ಮುರಳೀಧರನ್-ಜಯವರ್ಧನೆ 77 ಕ್ಯಾಚ್ ಮಾಡಿದ್ದಾರಲ್ಲ? ಮಾಡಿದ್ದಾರೆ, ಸಂತೋಷ. ನಾನು ಮಾತಾಡುತ್ತಿರುವುದು ಕರ್ನಾಟಕದ ಬಗ್ಗೆ. ಅದಿರಲಿ, ಲಂಕೆಯೊಳಗೆ ಮುರಳಿ ತಮಿಳ್ ಯೂನಿಯನ್ ಕ್ಲಬ್ಬಿನವರು, ಜಯವರ್ಧನೆ ಸಿಂಹಳೀಸ್ ಸ್ಪೋರ್ಟ್ಸ್ ಕ್ಲಬ್ಬಿನವರು. 51 ಕ್ಯಾಚಿನ ವಾರ್ನ್-ಟೇಲರ್ ಜೋಡಿಯಲ್ಲಿ ಒಬ್ಬರು ವಿಕ್ಟೋರಿಯಾ, ಇನ್ನೊಬ್ಬರು ನ್ಯೂ ಸೌತ್ ವೇಲ್ಸ್. ಮನೆಯಂಗಳದಲ್ಲಿ ಅವರೆಲ್ಲ ಎದುರಾಳಿಗಳು. ಕುಂಬ್ಳೆ, ದ್ರಾವಿಡ್ ಒಂದೇ ರಣಜಿ ತಂಡದಿಂದ ಬಂದವರು.

ಕೊನೆಗೆ ನಮ್ಮ ಸೀಮೆಯ ಆಕ್ಷೇಪ. ಬೀದರಿನಿಂದ ಹೈದರಾಬಾದು ಕೆಲವೇ ತಾಸಿನ ದಾರಿ, ಬೆಂಗಳೂರಿಗೆ ಇಡೀ ರಾತ್ರಿ. 1956ರವರೆಗೆ ನಾವು ಹೈದರಾಬಾದಿನವರೇ. ಹಾಗಾಗಿ ನಮ್ಮ ಜೋಡಿ ಹೈದರಾಬಾದಿನ ಲಕ್ಷ್ಮಣ್ ಇರುವ ಜೋಡಿ! 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ಕಿತ್ತಾಗ ವಾಸಿಂ ಅಕ್ರಮರ ಕೊನೆಯ ಕ್ಯಾಚ್ ಹಿಡಿದದ್ದು ಲಕ್ಷ್ಮಣ್ ಎಂದು ಹೀಗೆ ವಾದಿಸುವವರು ನೆನಪಿಸಿದರು. ನಿಜ, ಅಂದು ಅವರದು ಎರಡು, ದ್ರಾವಿಡರದು ಒಂದು. ಕೋಲ್ಕತ್ತದ 376, ಅಡಿಲೇಡಿನ 303 ರನ್ನುಗಳ ದ್ರಾವಿಡ್-ಲಕ್ಷ್ಮಣ್ ಜತೆಯಾಟಗಳೂ ನಿಜ. ಆದರೆ ಜೋಡಿಗೆ ದ್ರಾವಿಡ್ ಬೇಕು, ಕರ್ನಾಟಕ ಬೇಡ ಎನ್ನುವವರು ಮೊದಲು ತಮ್ಮೊಳಗೇ ರಾಜಿ ಮಾಡಿಕೊಳ್ಳಲಿ.

ಬೆಂಗಳೂರು ದೂರ ಎಂಬ ಸಂಕಟ ಸುಳ್ಳಲ್ಲ. ಔರಾದದ ಹುಡುಗನಿಗೆ ರಾಜ್ಯ ತಂಡದ ದಾರಿ ತೀರಾ ಉದ್ದ. ತಾಲ್ಲೂಕಿಗೊಂದು ಒಳ್ಳೆಯ ಮೈದಾನ ಕೇಳಿ ಅರ್ಜಿ ಬರೆಯಿರಿ, ನಾನೂ ಸಹಿ ಹಾಕುತ್ತೇನೆ. ಆ ಸಿಟ್ಟಿನಲ್ಲಿ ಈ 55 ಕ್ಯಾಚುಗಳನ್ನು ಮಾತ್ರ ಕೈಚೆಲ್ಲಬೇಡಿ.